ಆಚಾರಿಯ ಉಗುರು

ಆಚಾರಿಯ ಹೆಬ್ಬೆರಳಿನ ಉಗುರು ದನದ ಕೊಂಬಿನಂತೆ ದಪ್ಪವಾಗಿ ಹಳದಿಗಟ್ಟಿತ್ತು. ಎಡಗೈಯದೋ ಬಲಗೈಯದೋ, ಈಗ ಆಣೆ ಮಾಡಿ ಹೇಳಲಾರೆ. ಅದನ್ನು ಕಿಟಕಿಯ ಚೌಕಟ್ಟಿಗೆ ಒತ್ತಿ ಮೇಲಿನಿಂದ ಕೆಳಕ್ಕೆ ಎಳೆಯುತ್ತ ಬರುತ್ತಿದ್ದರು. ಉಗುರು ಒಳಗಿಳಿದಲ್ಲಿ ಸೀಮೆಸುಣ್ಣದ ಗೆರೆ. ಗೆರೆಯ ಕೆಳಗಿನದು ಲಡ್ಡು, ಅಂದರೆ ಕೊಳೆತು ಮೆತ್ತಗಾದ ಮರ; ಮೇಲಿನದು ಗಟ್ಟಿ.

ನಾನಾಗ ಮದ್ರಾಸಿನಲ್ಲಿ ತರ್ಕಶಾಸ್ತ್ರ ಓದಿ ಬಂದು, ಕೂನೂರಿನಲ್ಲಿ ಒಬ್ಬ ದೊರೆಸಾನಿಯ ಹಳೆಯ ಬಂಗಲೆ ನೋಡಿಕೊಳ್ಳುತ್ತಿದ್ದೆ. ಬೇಸಗೆಗೆ ಆಕೆ ಬರುವಷ್ಟರಲ್ಲಿ ಹನ್ನೆರಡು ಕಿಟಕಿಗಳೂ ಸರಿಯಾಗಿರಬೇಕು, ಇಲ್ಲದಿದ್ದರೆ ಬೇರೆಯವರನ್ನು ನೇಮಿಸುತ್ತೇನೆ ಎಂದು ಕಾಗದ ಬಂದಿತ್ತು. ಎಲ್ಲ ಕಿತ್ತು ಹೊಸದು ಹಾಕೋಣ ಎಂದೆ.

ಮರಗೆಲಸಕ್ಕೆ ಕರೆಸಿದ್ದ ಗುಂಡ್ಲುಪೇಟೆ ಕಡೆಯ ಆಚಾರಿ ನಕ್ಕುಬಿಟ್ಟರು. “ಕಾಲ್ಬೆರಳು ಕೊಳೆತ್ರೆ ಆಳನ್ನೇ ಹೂಳ್ತೀರಾ ಬುದ್ದಿ? ವರ್ಸಾ ವರ್ಸಾ ದೊರೆಗಳು ಬತ್ತಾರೆ ಅಂತ ಹಸಿ ಮರಕ್ಕೇ ಬಣ್ಣ ಬಳ್ದು ಅದರ ಬಾಯಿ ಮುಚ್ಚವ್ರೆ. ಕುಡ್ದ ನೀರು ಹೊರಗ್ ಬರೋದೆಂಗೆ?”

ಲಡ್ಡಾದಷ್ಟನ್ನೇ ಓರೆಯಾಗಿ ಕೊಯ್ದು, ಹಳೆಯ ತೇಗದ ತುಂಡನ್ನು ಎಳೆಗೆ ಎಳೆ ಕೂಡುವಂತೆ ಕೂರಿಸುತ್ತಿದ್ದರು. ಆಮೇಲೆ ಒಣಗಲು ಬಿಟ್ಟು ಸುಮ್ಮನೆ ಬೀಡಿ ಸೇದುತ್ತ ಕೂರುವರು. ನನಗೆ ಅದು ಸೋಮಾರಿತನವಾಗಿ ಕಂಡಿತ್ತು.

ಹನ್ನೊಂದು ಮುಗಿದವು. ಕೊನೆಯದಾದ ನಡುಮನೆಯ ಕಿಟಕಿ, ತುಂಡು ಕೂರಿಸಿದ ಮೇಲೆ, ಅಕಾಲದ ಮಳೆಗೆ ತೊಯ್ದಿತು. “ಎಂಟು ದಿನ ಬಣ್ಣ ಮುಟ್ಟಿಸ್ಬ್ಯಾಡಿ” ಎಂದು ಹೇಳಿ, ಮೊಮ್ಮಗುವಿನ ನಾಮಕರಣಕ್ಕೆಂದು ಆಚಾರಿ ಊರಿಗೆ ಹೋದರು. ಮೂರನೆಯ ದಿನವೇ ತಂತಿ ಬಂತು: ದೊರೆಸಾನಿ ಬೇಗ ಬರುತ್ತಿದ್ದಾಳೆ. ಕೆಲಸ ಕಳೆದುಕೊಳ್ಳುವ ಭಯ ನನಗೆ. ಬಣ್ಣದವನನ್ನು ಕರೆಸಿ ಹಸಿ ಮರಕ್ಕೇ ಬಿಳಿ ಬಣ್ಣ ಹೊಡೆಸಿದೆ.

ಊರಿಂದ ಬಂದ ಆಚಾರಿ ಆ ಚೌಕಟ್ಟಿಗೆ ಉಗುರು ಒತ್ತಿದರು. ಬೈಯಲಿಲ್ಲ. “ಹನ್ನೊಂದು ನನ್ವು. ಇದೊಂದು ನಿಮ್ದು ಬುದ್ದಿ.”

ದೊರೆಸಾನಿ ಬಂದವಳು ನೇರವಾಗಿ ಅದರ ಮುಂದೆಯೇ ನಿಂತಳು. ಎಲ್ಲಕ್ಕಿಂತ ಚೆಂದ ಇದೇ, ಮಾಡಿದ್ದು ಯಾರು ಎಂದು ಕೇಳಿದಳು. ಇಂಗ್ಲಿಷು ಬಾರದ ಆಚಾರಿಗೆ ಅವಳು ಬೆರಳು ಮಾಡಿ ತೋರಿದ್ದೇ ಸಾಕಾಯಿತು. ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, “ಅದು ನಮ್ಮ ಬುದ್ದಿಯೋರ್ ಕೆಲ್ಸ ಕನಮ್ಮಾ” ಎಂದರು. ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾದವನು ನಾನೇ. “ಆಚಾರಿ ತಮಗೆ ವಂದನೆ ಹೇಳುತ್ತಿದ್ದಾರೆ” ಎಂದೆ. ಉಳಿದ ನೆನಪುಗಳ ಮೇಲೆ ನನಗೆ ಅನುಮಾನವಿದೆ. ಈ ಸುಳ್ಳಿನ ಮೇಲೆ ಇಲ್ಲ.

ಅವಳು ಹೊರಟುಹೋದ ಮೇಲೆ ಆಚಾರಿ ಗೋಣಿಚೀಲ ಹೊತ್ತು ಬಂದರು. “ಈಗಲಾದ್ರೂ ಆ ಕಿಟ್ಕಿ ಬಿಚ್ಚವ?”

“ಚೆನ್ನಾಗೇ ಇದೆಯಲ್ಲ, ಬಿಡಿ” ಎಂದೆ. ನಾಚಿಕೆ ಹಾಗೆ ಮಾತಾಡಿಸಿತು. ಹೊರತೆಗೆದ ಉಳಿಯನ್ನು ಅವರು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು. ಎರಡು ಮಳೆಗಾಲ ಕಳೆದ ಮೇಲೆ, ಊರಲ್ಲಿ ಜ್ವರದಿಂದ ತೀರಿಕೊಂಡರೆಂದು ತಿಳಿಯಿತು.

ಹದಿನಾರು ವರ್ಷಗಳಾದವು. ದೂರ ಹೋದವರ ಕೈಚಳಕವನ್ನು ನೆನಪು ಹಿಗ್ಗಿಸುತ್ತದೆ; ಇವರ ವಿಷಯದಲ್ಲೂ ಹಾಗೇ ಆಗಿರಬಹುದು ಎನಿಸಿತು. ಪರೀಕ್ಷಿಸಲೆಂದೇ ಕಳೆದ ತಿಂಗಳು ಆ ಬಂಗಲೆಗೆ ಹೋದೆ. ಈಗಿನ ಕಾವಲುಗಾರನ ಅಪ್ಪಣೆ ಕೇಳಿ ಒಂದೊಂದೇ ಕಿಟಕಿಗೆ ಉಗುರು ಒತ್ತಿದೆ. ಹನ್ನೊಂದರಲ್ಲಿ ಅದು ಜಾರಿತು. ನಡುಮನೆಯದರಲ್ಲಿ ಬೆರಳೇ ಇಳಿಯಿತು.

“ಎಲ್ಲಾ ಕಲ್ಲಂಗದೆ. ಇದೊಂದ ಯಾರು ಸಾಮಿ ಮಾಡಿದ್ದು?” ಎಂದ ಕಾವಲುಗಾರ.

“ನಾನು” ಎಂದೆ.