ಸಮುದ್ರಮೊಲ ಹಿಡಿದುಕೊಂಡು ಜೇವರ್ಗಿಗೆ

ಗುಲಬರ್ಗಾದಲ್ಲಿ ಆಳಂದದ ಬಸ್ಸು ಹತ್ತಿದಾಗ ನನ್ನ ಬಳಿ ಎರಡು ಚೀಲಗಳಿದ್ದವು. ಒಂದರಲ್ಲಿ ಟವೆಲ್ಲು ಸುತ್ತಿದ ಗಾಜಿನ ಭರಣಿ, ಅದರೊಳಗೆ ಕೆಡದಂತೆ ಫಾರ್ಮಲಿನ್ನಿನಲ್ಲಿ ಮುಳುಗಿಸಿದ ಸಮುದ್ರಮೊಲ, ಅಂದರೆ ಹೊರಚಿಪ್ಪಿಲ್ಲದ ಒಂದು ಕಡಲ ಬಸವನಹುಳು. ಇನ್ನೊಂದರಲ್ಲಿ ಮಗಳು ನೀಲಾಳಿಗೆ ಹೊಸ ಫ್ರಾಕು. ಎಂಬತ್ತರ ದಶಕದ ಕೊನೆಯ ಒಂದು ಜನವರಿ ಅದು. ನಾನು ಪ್ರಾಣಿಶಾಸ್ತ್ರದ ಅಧ್ಯಾಪಕ. ಆಳಂದ, ಅಫಜಲಪುರಗಳಲ್ಲಿ ಉಪನ್ಯಾಸ ಮುಗಿಸಿ, ಜೇವರ್ಗಿಯಲ್ಲಿ ಅಜ್ಜಿಯ, ಅಂದರೆ ನನ್ನ ಅತ್ತೆಯ, ಬಳಿಯಿದ್ದ ನೀಲಾಳನ್ನು ಮನೆಗೆ ಕರೆತರಲೇಬೇಕೆಂದು ಹೊರಟಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಚಹಾ ಕಾಸಿ ಒಬ್ಬನೇ ಕುಡಿದು ಸಾಕಾಗಿಹೋಗಿತ್ತು.

ಪಕ್ಕದಲ್ಲಿ ಕುಳಿತ ರುಮಾಲಿನ ಹಿರಿಯರು ಭರಣಿಯತ್ತ ಬಗ್ಗಿದರು. "ಏನ್ರಿ ಸರ ಅದು, ಉಪ್ಪಿನಕಾಯೇನು?"

"ಅಲ್ರಿ, ಸಮುದ್ರದ ಪ್ರಾಣಿ. ಸತ್ತದ."

"ಯಪ್ಪಾ! ಸತ್ತದ್ದನ್ನ ತೊಡಿ ಮ್ಯಾಲ ಇಟ್ಕೊಂಡು ಕುಂತೀರಲ್ರಿ!" ಎಂದವರೇ ಮುಂದಿನ ಸೀಟಿಗೆ ಎದ್ದುಹೋದರು. ಆಳಂದದವರೆಗೆ ಆ ಜಾಗ ಖಾಲಿಯೇ ಉಳಿಯಿತು.

ಆಳಂದದ ಹುಡುಗರಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ಎಲುಬಿಲ್ಲದ, ಅಂಗೈಯಗಲದ ಈ ಪ್ರಾಣಿಯೂ ಪಾಠ ಕಲಿಯುತ್ತದೆ ಎಂದೆ. ಬಾಲಕ್ಕೆ ಪೆಟ್ಟು ಬಿದ್ದರೆ ಅದರ ನರಗಂಟುಗಳಲ್ಲಿ ಸೆರೊಟೋನಿನ್ ಎಂಬ ರಸ ಸುರಿಯುತ್ತದೆ. ಆಮೇಲೆ ಮೆಲ್ಲಗೆ ಮುಟ್ಟಿದರೂ ಕಿವಿರನ್ನು ಒಳಗೆ ಎಳೆದುಕೊಳ್ಳುತ್ತದೆ. ಒಂದು ಪೆಟ್ಟಾದರೆ ಬೇಗ ಮರೆಯುತ್ತದೆ. ಬಿಟ್ಟುಬಿಟ್ಟು ಬೀಳುತ್ತಲೇ ಇದ್ದರೆ ನರಗಳ ನಡುವೆ ಹೊಸ ಕೂಡಿಕೆಗಳೇ ಬೆಳೆದು ಅಂಜಿಕೆ ವಾರಗಟ್ಟಲೆ ಉಳಿಯುತ್ತದೆ.

ಮರುದಿನ ಭೂಸನೂರಿನ ಹತ್ತಿರ ಕಬ್ಬಿನ ಬಂಡಿಗಳು ದಾರಿ ಕಟ್ಟಿದ್ದವು. ಅಫಜಲಪುರ ತಲುಪಿದಾಗ ಹೊಟ್ಟೆ ತಾಳ ಹಾಕುತ್ತಿತ್ತು. ಕಾಲೇಜಿನವರು ಸಜ್ಜಿ ರೊಟ್ಟಿ, ಎಣ್ಣೆಗಾಯಿ ಕೊಟ್ಟು ತಮ್ಮ ಕೆಲಸಕ್ಕೆ ಹೋದರು. ಖಾಲಿ ಕೋಣೆಯಲ್ಲಿ ನಾನೂ ಭರಣಿಯೂ ಎದುರುಬದುರು ಕುಳಿತು ಊಟ ಮುಗಿಸಿದೆವು.

ಅಲ್ಲಿ ಉಪನ್ಯಾಸ ಮುಗಿದಾಗ ಒಬ್ಬ ಹುಡುಗಿ ಎದ್ದು ನಿಂತಳು. "ಕಲತ ಅಂಜಿಕಿ ಹೋಗಬೇಕಾದ್ರ ಏನ್ ಮಾಡ್ಬೇಕ್ರಿ ಸರ?"

"ಮತ್ತೆ ಮತ್ತೆ ಮುಟ್ಟಬೇಕಮ್ಮ, ನೋಯಿಸಬಾರದು. ಅವಸರ ಮಾಡಿದರೆ ಕೆಡುತ್ತದೆ." ಚಪ್ಪಾಳೆ ಬಿತ್ತು. ನನಗೂ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ.

ಮೂರನೆಯ ದಿನ ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಯ ಗುಡಿಗೆ ಹೋಗುವವರೆಲ್ಲ ಇಳಿದರು, ಬಸ್ಸು ಬರಿದಾಯಿತು. ಜೇವರ್ಗಿಯಲ್ಲಿ ಅತ್ತೆ ಬಾಗಿಲಿಗೆ ಬಂದು, "ಬರ್ರಿ, ಕೈಕಾಲ ತೊಳಕೋರಿ" ಎಂದರು. ನನ್ನ ದನಿ ಕೇಳಿದ್ದೇ ನೀಲಾ ಜೋಳದ ಚೀಲಗಳ ಹಿಂದೆ ಓಡಿದಳು. ಹಿಂದಿನ ವರ್ಷ ಅವಳಿಗೆ ಜ್ವರ ಬಿಡದಿದ್ದಾಗ ದವಾಖಾನೆಗೆ ಒಯ್ದು, ತೊಡೆಯ ಮೇಲೆ ಅವುಚಿ ಹಿಡಿದು ಸೂಜಿ ಹಾಕಿಸುತ್ತಿದ್ದವನು ನಾನೇ. ಅದು ಆಗಿಹೋದ ಮಾತು, ಮರೆತಿರುತ್ತಾಳೆ ಅಂದುಕೊಂಡಿದ್ದೆ.

"ಇನ್ನೂ ಯಾಕ ಅಂಜತಾಳ್ರಿ ಅತ್ತಿ?"

ಅತ್ತೆ ನಕ್ಕರು. "ಅಂಜಿಕಿ ಇರಲಿ ಬಿಡ್ರಿ. ಉಣ್ಣಲಿಲ್ಲಂದ್ರ, 'ನಿಮ್ಮಪ್ಪ ಬರ್ತಾನ ನೋಡು, ಸೂಜಿ ಮಾಡಸ್ತಾನ' ಅಂತೇನಿ. ಗಪಗಪ ಉಣ್ತಾಳ."

ನಮ್ಮ ಕಡೆ ಮಕ್ಕಳಿಗೆ ಉಣಿಸುವುದೇ ಹೀಗೆ. ನನಗೆ ನಮ್ಮವ್ವ ಪೊಲೀಸರನ್ನು ತೋರಿಸುತ್ತಿದ್ದಳು. ನನ್ನ ಮಗಳಿಗೆ ಆ ಪೊಲೀಸ ನಾನಾಗಿದ್ದೆ, ಅದೂ ಹೊತ್ತುಹೊತ್ತಿಗೆ. ಅತ್ತೆಯ ಮೇಲೆ ಸಿಟ್ಟು ಬಂತು. ಆದರೆ ಮಗುವನ್ನು ಎದೆಗೆ ಕಟ್ಟಿಕೊಂಡು ಸಾಕಿದವರು ಅವರೇ ಅಲ್ಲವೇ!

ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತಿದ್ದೆ. ನೀಲಾ ತಾನಾಗಿಯೇ ಬಂದು ಎದುರು ನಿಂತಳು. ಅಂಗಿಯ ತೋಳನ್ನು ಮೇಲೇರಿಸಿ, ಕೈ ಮುಂದೆ ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿದಳು.

"ಹೂಂ, ಮಾಡು. ನಾ ಎಲ್ಲಾ ಉಂಡೇನಿ. ಅಳಂಗಿಲ್ಲ."

"ಸೂಜಿ ಇಲ್ಲವ್ವ. ಸುಮ್ನ ನೋಡಾಕ ಬಂದೇನಿ."

ಅವಳು ಒಂದು ಕಣ್ಣು ತೆರೆದಳು. "ಹಂಗಾರ ನಾಳಿಗಿ ಮಾಡಸ್ತಿಯೇನು?"

ಅವಳನ್ನು ಗುಲಬರ್ಗಾಕ್ಕೆ ಕರೆದೊಯ್ಯುವ ಮಾತು ನಾನು ಎತ್ತಲೇ ಇಲ್ಲ. ಫ್ರಾಕು ಅತ್ತೆಯ ಕೈಗಿಟ್ಟು, "ಬರೋ ಐತವಾರ ಬರ್ತೇನಿ, ಅದರ ಮುಂದಿನ ಐತವಾರಾನೂ ಬರ್ತೇನಿ. ನನ್ನ ಹೆಸರ್ಲೆ ಅಂಜಸಬ್ಯಾಡ್ರಿ" ಎಂದೆ. ಅತ್ತೆಗೆ ಅರ್ಥವಾಯಿತು, ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಕಳಿಸಲು ಬಂದರು. ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಅತ್ತೆ ಕೈ ಬೀಸುತ್ತಿದ್ದರು. ನೀಲಾ ಬೀಸಲಿಲ್ಲ. ಒಂದು ಕೈಯಿಂದ ಇನ್ನೊಂದು ತೋಳನ್ನು ಮುಚ್ಚಿ ಹಿಡಿದುಕೊಂಡು, ನಾನು ನಿಜವಾಗಿಯೂ ಹೋಗುತ್ತೇನೋ ಇಲ್ಲವೋ ಎಂದು ನೋಡುತ್ತ ನಿಂತಿದ್ದಳು.