ಅಂಗಳದ ಆಚೆಯಿಂದ ಕಲಿತ ರೊಟ್ಟಿ

ಮೊನ್ನೆ ಸೊಸೆ ಸಂತೆಯಿಂದ ಬೇಸಿಗೆಗೆಂದು ಹೊಸ ಗಡಿಗೆ ತಂದಳು. ಮೊದಲ ಸಲ ನೀರು ಹೊಯ್ದಾಗ ಹೊಸ ಮಣ್ಣು ಒಂದು ವಾಸನೆ ಬಿಡುತ್ತದಲ್ಲ, ನಿಮಗೂ ಗೊತ್ತಿರಬೇಕು. ಪಡಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಅದೇ ಹೊತ್ತಿಗೆ ಒಳಗೆ ಮೊಮ್ಮಗಳು ತಾಯಿಯೊಡನೆ ಜಗಳಕ್ಕೆ ನಿಂತಿದ್ದಳು. ಗುಲ್ಬರ್ಗದ ಕಾಲೇಜು ಸೇರಿ ಇನ್ನೂ ವರ್ಷ ತುಂಬಿಲ್ಲ, ಹಾಲು ಬಿಟ್ಟಿದ್ದಾಳಂತೆ, ಮೊಸರೂ ಬಿಟ್ಟಿದ್ದಾಳಂತೆ. ಕರುವಿನ ಬಾಯಿಂದ ಕಿತ್ತುಕೊಂಡದ್ದನ್ನು ತಾನು ಕುಡಿಯುವುದಿಲ್ಲವಂತೆ. ಸೊಸೆ ನನ್ನ ಕಡೆ ತಿರುಗಿ, "ನೀವರೆ ಹೇಳ್ರಿ ಮಾವಾ" ಎಂದಳು. ನಾನೇನು ಹೇಳಲಿ? ಆ ಹುಡುಗಿಗೆ ಬುದ್ಧಿ ಹೇಳುವ ಅಧಿಕಾರ ಈ ಮನೆಯಲ್ಲಿ ಒಬ್ಬರಿಗೆ ಇಲ್ಲವೆಂದರೆ ಅದು ನನಗೆ.

ಯಾಕೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ನಾನು ಓದುವಾಗ ನಮ್ಮ ಊರಿಗೆ ಬಸವಕಲ್ಯಾಣ ಎಂಬ ಹೆಸರು ಇನ್ನೂ ಬಂದಿರಲಿಲ್ಲ, ಬರೀ ಕಲ್ಯಾಣಿ. ನಿಜಾಮರ ಆಳ್ವಿಕೆ, ಶಾಲೆಯೆಂದರೆ ಉರ್ದು. ಮುಂದಿನ ಓದಿಗೆ ಅಪ್ಪ ನನ್ನನ್ನು ಹುಮನಾಬಾದಿಗೆ ಕಳಿಸಿದ. ಅಲ್ಲಿ ಅಪ್ಪನಿಗೆ ಒಬ್ಬ ಗೆಳೆಯನಿದ್ದ, ಅತ್ತರು ಊದಿನಕಡ್ಡಿ ಮಾರುವವನು. ಮೆಣಸಿನಕಾಯಿ ಹೇರಿಕೊಂಡು ಪೇಟೆಗೆ ಹೋದಾಗಲೆಲ್ಲ ಅಪ್ಪ ಬಂಡಿ ಬಿಡುತ್ತಿದ್ದುದು ಆತನ ಅಂಗಳದ ಬೇವಿನ ಗಿಡದ ಕೆಳಗೇ. ಗೆಳೆಯ ತೀರಿಹೋದ ಮೇಲೂ ಆ ಬಳಕೆ ತಪ್ಪಲಿಲ್ಲ. ಆತನ ಹೆಂಡತಿ ಒಬ್ಬರೇ ಇದ್ದರು, ಮಗ ಹೈದರಾಬಾದಿನ ಯಾವುದೋ ಕಾರ್ಖಾನೆಯಲ್ಲಿ. ಮನೆಯಲ್ಲಿ ಒಂದು ನರಪಿಳ್ಳೆ ಇದ್ದಂತಾಯಿತು ಎಂದು ಅವರು ನನಗೆ ಹೊರಗಿನ ಕೋಣೆ ಬಿಟ್ಟುಕೊಟ್ಟರು. ನಾನು ಅವರನ್ನು ಖಾಲಾ, ಅಂದರೆ ಚಿಕ್ಕವ್ವ, ಎಂದು ಕರೆಯುತ್ತಿದ್ದೆ.

ಕೋಣೆಗೆ ಅವ್ವ ಒಪ್ಪಿದಳು. ಊಟಕ್ಕೆ ಒಪ್ಪಲಿಲ್ಲ. ನಮ್ಮದು ಲಿಂಗ ಕಟ್ಟಿದವರ ಮನೆ. ಶರಣರು ಜಾತಿ ನೋಡದೆ ಕೂಡಿ ಕೂತು ಉಂಡ ಊರು ನಮ್ಮದು ಎಂದು ಎದೆಯುಬ್ಬಿಸಿ ಹೇಳುವವರೇ ನಾವೆಲ್ಲ. ನಮ್ಮ ಅಡುಗೆಮನೆಯ ಹೊಸ್ತಿಲಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. "ಹುಡುಗ ತಾನೇ ಬೇಯಿಸಿಕೊಂಡು ಉಣ್ಣಲಿ, ಆಕಿ ತನ್ನ ಕೈಯಾಂದು ನೀಡಬಾರದು" ಎಂದು ಅವ್ವ ಅಪ್ಪನ ಬಾಯಲ್ಲಿ ಹೇಳಿಕಳಿಸಿದಳು. ಖಾಲಾ ಆಗಲಿ ಎಂದು ಮಾತು ಕೊಟ್ಟರು. ಇಬ್ಬರೂ ಒಬ್ಬರನ್ನೊಬ್ಬರು ಕಣ್ಣಿಂದ ಕಂಡವರಲ್ಲ.

ಹಾಗಾಗಿ ಬೇವಿನ ಗಿಡದ ಕೆಳಗೆ ಮೂರು ಕಲ್ಲಿಟ್ಟು ನನ್ನ ಅಡುಗೆ ಶುರುವಾಯಿತು. ಅಡುಗೆ ಎನ್ನುವುದು ದೊಡ್ಡ ಮಾತು. ನನ್ನ ರೊಟ್ಟಿಗಳನ್ನು ನೋಡಿದ್ದರೆ ಶಾಲೆಯ ಗೋಡೆಯ ಮೇಲಿನ ನಕಾಶೆ ನಿಮಗೆ ನೆನಪಾಗುತ್ತಿತ್ತು, ಎಲ್ಲ ಕಡೆಗೂ ಒಂದೊಂದು ಮೂಲೆ ಚಾಚಿಕೊಂಡು. ನಡುವೆ ಹಸಿ, ಅಂಚಿಗೆ ಇದ್ದಿಲು. ಖಾಲಾ ಅಂಗಳದ ಆಚೆ ತಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಎಲೆ ಅಗಿಯುತ್ತ ಇದನ್ನು ನಾಕು ದಿನ ನೋಡಿದರು. ತಾಳ್ಮೆಯ ಹೆಂಗಸಲ್ಲ ಅವರು. ಕಾಗೆಗಳಿಗೂ ಬೈಯುತ್ತಿದ್ದರು, ಪಕ್ಕದ ಮನೆಯ ಕೋಳಿಗಂತೂ ಹೆಸರು ಹಿಡಿದು ಬೈಯುತ್ತಿದ್ದರು. ಕೊನೆಗೆ ತಡೆಯಲಾರದೆ ಕೂಗಿದರು.

"ತೌಬಾ! ಏನ್ ಮಾಡಾಕತ್ತೀ ಬೇಟಾ? ಹಿಟ್ಟಿಗೆ ಬಿಸಿನೀರ ಹಾಕು. ನಾದು, ಚೆಂದಂಗ ನಾದು. ಈಗ ಬಡಿ. ಹಂಗಲ್ಲೋ, ಹಿಂಗ!"

ಎದ್ದು ಬಂದು ತೋರಿಸುವಂತಿಲ್ಲ, ಮಾತು ಕೊಟ್ಟಾಗಿದೆ. ಹೊಸ್ತಿಲ ಮೇಲೆಯೇ ಕೂತು, ಎದುರಿಗೆ ಹಿಟ್ಟೂ ಇಲ್ಲ, ಹಿಟ್ಟು ನಾದುವ ಕೊಣಮಿಗೆಯೂ ಇಲ್ಲ, ಬರೀ ಗಾಳಿಯಲ್ಲಿ ರೊಟ್ಟಿ ಬಡಿದು ತೋರಿಸಿದರು. ಒಂದು ಕೈ ಬಡಿಯುತ್ತಿತ್ತು, ಇನ್ನೊಂದು ಕೈ ಇಲ್ಲದ ರೊಟ್ಟಿಯನ್ನು ತಿರುಗಿಸುತ್ತಿತ್ತು. ಕೈಬಳೆ ಸದ್ದು ಮಾಡುತ್ತಿದ್ದವು. ಕೊನೆಗೆ ಕಿರುಬೆರಳಿನ ಬದಿಯಿಂದ ಅಂಚನ್ನು ಸುತ್ತಲೂ ಒಮ್ಮೆ ಒತ್ತಿಕೊಂಡು ಬಂದರು. ರೊಟ್ಟಿ ಬೆಂದಾಗ ಅಲ್ಲೊಂದು ಸಣ್ಣ ಗೆರೆ ಮೂಡುತ್ತದೆ. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾಡುತ್ತಿರಲಿಲ್ಲ. ನಾನು ಈಚೆ ಕೂತು ನೋಡಿ ನೋಡಿ ಕಲಿತೆ. ದೀಪಾವಳಿ ಹೊತ್ತಿಗೆ ನನ್ನ ರೊಟ್ಟಿ ದುಂಡಗಾಗಿದ್ದವು.

ಇಷ್ಟರಲ್ಲಿ ಶಾಲೆಯಲ್ಲಿ ನನ್ನ ತಲೆ ಕೆಟ್ಟಿತು. ಉರ್ದು ಕಲಿಸುವ ಮೇಷ್ಟ್ರು ಒಂದು ದಿನ 'ಹಕ್' ಎಂಬ ಮಾತಿನ ಅರ್ಥ ಬಿಡಿಸಿ ಹೇಳಿದರು. ನಾವು ಬಾಯಿಗಿಡುವ ಪ್ರತಿ ತುತ್ತಿನಲ್ಲೂ ಯಾರದೋ ಹಕ್ಕು ಇರುತ್ತದೆ, ಉತ್ತವನದು, ಹೊತ್ತವನದು, ಹಸಿದವನದು. ಉಣ್ಣುವ ಮೊದಲು ಒಮ್ಮೆ ಯೋಚಿಸಿ ಎಂದರು. ಉಳಿದ ಹುಡುಗರು ಯೋಚಿಸಿ ಉಂಡರು. ನಾನು ಯೋಚಿಸಿ ಬಿಟ್ಟೆ. ಮೊದಲು ಹಾಲು ಬಿಟ್ಟೆ, ಕರುವಿನ ಹಕ್ಕೆಂದು. ಜೇನು ಬಿಟ್ಟೆ, ಹುಳದ ಹಕ್ಕೆಂದು. ಹಸಿ ಕಾಳು ಬಿಟ್ಟೆ, ಅದಕ್ಕೆ ಮೊಳೆಯುವ ಹಕ್ಕಿದೆಯೆಂದು. ಹೀಗೆ ಬಿಡುತ್ತ ಬಿಡುತ್ತ ಜಗತ್ತಿನಲ್ಲಿ ನನಗೆ ಹಕ್ಕಿನದೆಂದು ಉಳಿದದ್ದು ಒಣ ರೊಟ್ಟಿ ಮತ್ತು ಉಪ್ಪು. ಅಂಗಿ ಗೂಟಕ್ಕೆ ಹಾಕಿದ ಹಾಗೆ ಮೈಮೇಲೆ ಜೋತಾಡತೊಡಗಿತು. ನಾನು ಮಾತ್ರ ಗಾಳಿಯಲ್ಲಿ ತೇಲುತ್ತಿದ್ದೆ. ಆ ವಯಸ್ಸಿನ ಖುಷಿ ಇದ್ದದ್ದು ಉಣ್ಣುವುದರಲ್ಲಲ್ಲ, ಬಿಟ್ಟೆ ಎಂದು ಹೇಳಿಕೊಳ್ಳುವುದರಲ್ಲಿ.

ಆಗಲೇ ರಮಜಾನ್ ಹಬ್ಬ ಬಂತು. ನಮ್ಮ ಕಡೆ ಒಂದು ಪದ್ಧತಿಯಿತ್ತು. ನಿಮ್ಮ ಮನೆಯ ಅಡುಗೆ ಉಣ್ಣದವರು ಹಬ್ಬಕ್ಕೋ ಮದುವೆಗೋ ಬಂದರೆ ಅವರಿಗೆ ಶಿಧಾ ಕೊಡುವುದು. ಶಿಧಾ ಎಂದರೆ ಬೇಯಿಸದ ದಿನಸಿ: ಹಿಟ್ಟು, ಬೇಳೆ, ಬೆಲ್ಲ, ತುಪ್ಪ. ಉಪಚಾರವೂ ಆಯಿತು, ಮಡಿಯೂ ಉಳಿಯಿತು. ಹೀಗಾಗಿ ಆ ಮನೆಯಲ್ಲಿ ನನ್ನ ಪಾಲಿಗೆ ಹಬ್ಬ ಯಾವಾಗಲೂ ಹಸಿಯಾಗಿಯೇ ಬರುತ್ತಿತ್ತು. ಆ ಮುಂಜಾನೆ ಖಾಲಾ ಹಿತ್ತಾಳೆ ತಟ್ಟೆಯ ತುಂಬ ಶಾವಿಗೆ, ಸಕ್ಕರೆ, ಉತ್ತತ್ತಿ, ಜೊತೆಗೆ ತಮ್ಮ ಆಕಳ ಒಂದು ಚೊಂಬು ಹಸಿ ಹಾಲು ತಂದು ಕಟ್ಟೆಯ ಮೇಲಿಟ್ಟರು. ಹಾಲು ಬಿಟ್ಟವನು ನಾನು. ಶಾವಿಗೆಯನ್ನು ನೀರಲ್ಲಿ ಬೇಯಿಸಿದೆ.

ಖಾಲಾ ಅದನ್ನು ನೋಡಿದರು. ಹೊಸ ಸೀರೆ ಉಟ್ಟಿದ್ದರು, ಕಣ್ಣಿಗೆ ಸುರ್ಮಾ ಹಚ್ಚಿದ್ದರು. ಹಬ್ಬದ ದಿನವೆಂದೂ ನೋಡದೆ ಸಿಟ್ಟಿಗೆದ್ದರು.

"ನೀರಾಗ ಸೇವಯ್ಯಾ ಬೇಯಿಸ್ತಾರೇನೋ? ಯಾರರ ಸತ್ತಾರೇನು ಮನ್ಯಾಗ?"

ನಾನು ಕರುವಿನ ಹಕ್ಕನ್ನು ವಿವರಿಸಿದೆ. ಅವರು ಕೇಳಿಸಿಕೊಂಡರು. "ಕರುವಿಂದು ಹಕ್ ಅದ, ಹೌದು. ನಾ ಕರು ಬಿಟ್ಟು ಕುಡಿಸೇ ಹಿಂಡೀನಿ, ಕೇಳು ಬೇಕಾರ. ನಿನ್ನ ಹೊಟ್ಟೀದು ಹಕ್ ಇಲ್ಲೇನು? ನಾ ಬೆಳಕ ಹರಿಯೂದ್ರಾಗ ಎದ್ದು ಹಿಂಡಿ ತಂದೀನಿ, ಅದರದು?"

ತತ್ವಜ್ಞಾನಿಗೆ ಉತ್ತರ ಇಲ್ಲದಾಗ ಹೊಸ ತತ್ವ ಹೊಳೆಯುತ್ತದೆ. ನನಗೂ ಹೊಳೆಯಿತು. ತುತ್ತಿನಲ್ಲಿ ಎಲ್ಲರ ಹಕ್ಕಿದ್ದರೆ ಬಡಿಸುವ ಕೈಯ ಹಕ್ಕು ಎಲ್ಲಿ ಹೋಯಿತು? ಶಿಧಾದಲ್ಲಿ ಎಲ್ಲ ಇದೆ, ಆ ಕೈಯೊಂದೇ ಇಲ್ಲ. ದಿನವೂ ಎದುರಿಗೆ ಕೂತು ಗಾಳಿಯಲ್ಲಿ ರೊಟ್ಟಿ ಬಡಿಯುವವರ ಕೈಯ ರೊಟ್ಟಿಯ ರುಚಿ ನನಗೆ ಗೊತ್ತಿಲ್ಲ! "ಖಾಲಾ, ಇನ್ನ ಮ್ಯಾಲ ನಾ ನಿಮ್ಮ ಕೈಯಾಂದೇ ಉಣ್ತೀನ್ರಿ" ಎಂದೆ. ಅವರು ಕುಣಿದಾಡುತ್ತಾರೆ ಎಂದುಕೊಂಡಿದ್ದೆ.

ಖಾಲಾ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಾ ನೀಡೂದಿಲ್ಲ. ನಿಮ್ಮವ್ವಗ ಮಾತ ಕೊಟ್ಟೀನಿ. ಆಕಿ ಹೂಂ ಅನ್ಲಿ, ಆವತ್ತ ನೀಡ್ತೀನಿ."

ಅವ್ವನ ಮಾತನ್ನು ನಾನು ಮುರಿಯಬಲ್ಲವನಾಗಿದ್ದೆ. ಅವರು ಮುರಿಯಲು ತಯಾರಿರಲಿಲ್ಲ. ಆ ದಿನದಿಂದ ನನಗೆ ಅದೊಂದೇ ಹಂಬಲವಾಯಿತು, ಹೇಗಾದರೂ ಅವ್ವನಿಂದ ಹೂಂ ಅನ್ನಿಸಬೇಕು.

ಎಳ್ಳ ಅಮಾವಾಸ್ಯೆಗೆ ರಾಜೇಶ್ವರದ ದಾರಿ ಹಿಡಿದು ಊರಿಗೆ ಹೋದೆ. ಅವತ್ತು ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಅಂಬಲಿ. ಮೊದಲು ಭೂಮಿತಾಯಿಗೆ ಎಡೆಯೆಂದು ಚರಗ ಚೆಲ್ಲಿ, ಆಮೇಲೆ ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕೂಗಿ ಕರೆದು ಉಣಿಸುವುದು. ಕರೆಯುವಾಗ ಯಾರೂ ಯಾರ ಮನೆಯವರೆಂದು ಕೇಳುವುದಿಲ್ಲ. ಅಪ್ಪ ಬೆಳೆಯ ನಡುವೆ ಚರಗ ಚೆಲ್ಲುತ್ತ ದೂರ ಹೋಗಿದ್ದ. ನಾನು ಅವ್ವನ ಹತ್ತಿರ ಕೂತು ಕೇಳಿಬಿಟ್ಟೆ. ಹಕ್ಕಿನ ವಿಚಾರ, ಕೈಯ ವಿಚಾರ, ಶರಣರ ವಿಚಾರ, ಎಲ್ಲ ಹೇಳಿದೆ. ಒಳ್ಳೆಯ ಭಾಷಣವೇ ಆಗಿತ್ತು. ಅವ್ವ ಭಜ್ಜಿ ಬಡಿಸುತ್ತಲೇ ಇದ್ದಳು. ಕೊನೆಗೆ ಒಂದೇ ಒಂದು ಮಾತು ಕೇಳಿದಳು.

"ನೀ ಉಣ್ತೀನಿ ಅಂದ್ರೂ ಆಕಿ ನೀಡಲಿಲ್ಲೇನು?"

"ಇಲ್ಲವ್ವಾ. ನಿನಗ ಮಾತ ಕೊಟ್ಟೀನಿ ಅಂದ್ರು."

ಅವ್ವ ಎದ್ದು ದಾರಿಯಲ್ಲಿ ಹೋಗುವವರನ್ನು ಊಟಕ್ಕೆ ಕೂಗತೊಡಗಿದಳು. ನಾನು ಕೆಲಸ ಕೆಟ್ಟಿತು ಎಂದುಕೊಂಡೆ. ಮರುದಿನ ಬಂಡಿ ಹತ್ತುವಾಗ ನೋಡಿದರೆ ಒಂದು ಗಂಟು ಇತ್ತು. ನಮ್ಮ ಹೊಲದ ಜೋಳದ ಹಿಟ್ಟು, ತೊಗರಿ ಬೇಳೆ, ಒಂದು ಸಿವುಡು ಪುಂಡಿಪಲ್ಯ, ಹುಲ್ಲಲ್ಲಿ ಸುತ್ತಿದ ಒಂದು ಹೊಸ ಗಡಿಗೆ. ಅವ್ವ ಕಟ್ಟಿದ ಶಿಧಾ!

"ಇದ್ರಾಗ ಮಾಡಿ ನಿನಗ ನೀಡ್ಲಿ ಅಂತ ಹೇಳು ಆಕಿಗೆ. ನಾ ಹೇಳೀನಿ ಅಂತ ಹೇಳು" ಎಂದು ಹೇಳಿ ಅವ್ವ ಒಳಗೆ ಹೋದಳು.

ಖಾಲಾ ಆ ಗಡಿಗೆಯನ್ನು ತಿರುವಿ ತಿರುವಿ ನೋಡಿದರು, ಕಂಠವನ್ನು ಬೆರಳಿಂದ ಬಡಿದು ಸದ್ದು ಕೇಳಿದರು, ನೀರು ಹಾಕಿ ಬಾಗಿ ಮೂಸಿದರು. "ಚಲೋ ಆರಿಸಿ ಕಳಿಸ್ಯಾಳ" ಎಂದರು. ಅವತ್ತು ನನ್ನ ಮೂರು ಕಲ್ಲಿನ ಒಲೆ ಹೊತ್ತಲಿಲ್ಲ. ನಾನು ಮೊದಲ ಸಲ ಅಂಗಳ ದಾಟಿ ಆಚೆಯ ಹೊಸ್ತಿಲ ಒಳಗೆ ಕೂತೆ. ಅವರ ಕೈಯಲ್ಲಿ ಈ ಸಲ ನಿಜವಾದ ಹಿಟ್ಟಿತ್ತು. ಬಿಸಿ ರೊಟ್ಟಿ, ಪುಂಡಿಪಲ್ಯ, ಬೆಳ್ಳುಳ್ಳಿಯ ಒಗ್ಗರಣೆ. "ಉಪ್ಪು ಬರೋಬರ್ ಅದೇನು?" ಎಂದು ಮೂರು ನಾಕು ಸಲ ಕೇಳಿದರು. ನಾನು ಇನ್ನೊಂದು ರೊಟ್ಟಿಗೆ ಕೈ ಚಾಚಿದೆ. ಆ ಊಟದ ರುಚಿಯನ್ನು ನಾನು ಇವತ್ತಿಗೂ ಹುಡುಕುತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಬೇಸಿಗೆ ರಜೆಗೆ ಹೊರಟಾಗ ಖಾಲಾ ಹಳೆಯ ಓಢಣಿಯ ತುಂಡಿನಲ್ಲಿ ಒಂದು ಗಂಟು ಕೊಟ್ಟರು. ಒಣಗಿಸಿದ ಖಡಕ್ ರೊಟ್ಟಿ. "ಇವು ನಿಮ್ಮವ್ವಗ. ನಾ ಆಕಿ ಮಗಗ ನೀಡೀನಿ, ಇನ್ನ ಆಕಿ ಉಣ್ಲಿ" ಎಂದರು.

ಅವ್ವ ಗಂಟು ಬಿಚ್ಚಿದಳು. ಮೇಲಿನ ರೊಟ್ಟಿ ತೆಗೆದು ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ಕಟ್ಟಿ ಜಂತಿಗೆ ತೂಗುಬಿಟ್ಟ ನೆಲುವಿನ ಮೇಲಿಟ್ಟಳು. ಆ ರಜೆಯೆಲ್ಲ ನಾನು ನೆಲುವಿನ ಕೆಳಗೇ ಇದ್ದೆ. ಓದುವುದೂ ಅಲ್ಲೇ, ಮಲಗುವುದೂ ಅಲ್ಲೇ. ಕಳ್ಳನಿಗೆ ಕಾವಲು ಕೂತವನಂತೆ ಇದ್ದಾನಲ್ಲ ಇವನು ಎಂದು ಅಪ್ಪ ನಗುತ್ತಿದ್ದ. ಅವ್ವ ಗಂಟು ಇಳಿಸಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ಮಳೆ ಬಿದ್ದ ಮೇಲೆ ಹುಮನಾಬಾದಿಗೆ ಮರಳಿದೆ. ಚೀಲ ಇಳಿಸುವ ಮೊದಲೇ ಖಾಲಾ ಕೇಳಿದರು, "ಉಂಡಳೇನು?"

"ನೆಲುವಿನ ಮ್ಯಾಲ ಇಟ್ಟಾಳ್ರಿ."

ಅವರ ಮುಖ ಸಣ್ಣದಾಯಿತು. ಆಮೇಲೆ ತಾವೇ ಸಮಾಧಾನ ಮಾಡಿಕೊಂಡು, "ಇರ್ಲಿ ಬಿಡು. ಖಡಕ್ ರೊಟ್ಟಿ, ಕೆಡೂದಿಲ್ಲ" ಎಂದರು.

ದೀಪಾವಳಿಗೆ ಊರಿಗೆ ಹೋದಾಗ ನೆಲುವು ಬರಿದಾಗಿತ್ತು; ದನಕ್ಕೆ ಹಾಕಿರಬೇಕು ಎಂದುಕೊಂಡು ಅವ್ವನನ್ನು ಕೇಳಲಿಲ್ಲ, ಖಾಲಾಗೂ ಹೇಳಲಿಲ್ಲ. ಮುಂದಿನ ವರ್ಷ ಮಗ ಬಂದು ಖಾಲಾ ಅವರನ್ನು ಹೈದರಾಬಾದಿಗೆ ಕರೆದುಕೊಂಡು ಹೋದ. ತಾಮ್ರದ ಪಾತ್ರೆಗಳನ್ನೆಲ್ಲ ನೆರೆಮನೆಯಲ್ಲಿ ಬಿಟ್ಟರು. ಅವ್ವನ ಗಡಿಗೆಯನ್ನು ಮಾತ್ರ ಮೋಟಾರಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಆಮೇಲೆ ಅವರ ಸುದ್ದಿ ನನಗೆ ತಿಳಿಯಲಿಲ್ಲ. ನಡುವೆ ಎರಡನೆಯ ಮಹಾಯುದ್ಧದ ವರ್ಷಗಳು ಬಂದವು, ಜೋಳ ಸಿಗುವುದೇ ಕಷ್ಟವಾಯಿತು, ನನಗೆ ಮದುವೆಯಾಯಿತು, ಹಾಲು ಕುಡಿಯತೊಡಗಿದೆ.

ಅವ್ವ ಹಾಸಿಗೆ ಹಿಡಿದದ್ದು ಆ ಯುದ್ಧ ಮುಗಿದ ಮೇಲೆ. ಏನು ಕೊಟ್ಟರೂ ಬೇಡ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ತಾನಾಗಿಯೇ ಕೇಳಿದಳು.

"ಹುಮನಾಬಾದಿನಾಕೀದು ಅಂಥಾ ರೊಟ್ಟಿ ಸಿಕ್ರ ನೀರಾಗ ತೋಯಿಸಿ ಒಂದ್ ತುಣುಕ ಕೊಡೋ."

ನಾನು ದಂಗಾದೆ. "ನೀ ಅವನ್ನ ಉಂಡಿದ್ದೇನವ್ವಾ?"

"ಉಣ್ಣಲಾರದ? ನೀ ಸಾಲಿಗೆ ಹೋದ ದಿನಾನೇ ಇಳಿಸೀನಿ. ದಿನಾ ಒಂದ್ ತುಣುಕ, ತೀರೂ ತನಕ. ಮದ್ಲ ಹ್ಯಾಂಗ ಉಣ್ಲಿ? ನೀ ಕೆಳಗ ಕುಂತು ಕಾಯಾಕತ್ತಿದ್ದಿ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಖಾಲಾಗೆ ಈ ಒಂದು ಮಾತು ಮುಟ್ಟಿಸಬೇಕಿತ್ತು. ಮರುದಿನವೇ ಹುಮನಾಬಾದಿಗೆ ಹೋದೆ, ಯಾರಿಗಾದರೂ ವಿಳಾಸ ಗೊತ್ತಿದ್ದೀತೆಂದು. ಆ ಮನೆಯಲ್ಲಿ ಬೇರೆಯವರಿದ್ದರು. ನೆರೆಯವರಿಗೂ ಗೊತ್ತಿರಲಿಲ್ಲ. ಬೇವಿನ ಕೆಳಗೆ ನನ್ನ ಮೂರು ಕಲ್ಲು ಕರ್ರಗೆ ಹಾಗೇ ಬಿದ್ದಿದ್ದವು. ಬರಿಗೈಯಲ್ಲಿ ಮರಳಿ ಬಂದು, ಹೆಂಡತಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ನಾನೇ ರೊಟ್ಟಿ ಬಡಿದೆ, ಒಣಗಿಸಿದೆ, ನೀರಿನಲ್ಲಿ ತೋಯಿಸಿ ಅವ್ವನ ಕೈಗಿಟ್ಟೆ. ಅವಳ ಕಣ್ಣು ಆಗಲೇ ಮಂಜಾಗಿದ್ದವು. ತುಣುಕನ್ನು ಬೆರಳಲ್ಲಿ ಹಿಡಿದು ಅಂಚು ಸವರಿದಳು.

"ಆಕಿ ಬಂದಾಳೇನು?" ಎಂದಳು.

ನಾನು ಇಲ್ಲ ಎನ್ನಲಿಲ್ಲ. ಅವ್ವ ಅದನ್ನು ಪೂರ್ತಿ ಉಂಡಳು.

ಊಟದ ಬಗ್ಗೆ ನನ್ನಲ್ಲಿ ಏನಾದರೂ ತತ್ವ ಉಳಿದಿದ್ದರೆ ಅದು ಇಷ್ಟೇ. ಏನು ಬಿಟ್ಟೆ ಎಂಬ ಲೆಕ್ಕ ಈಗ ನನಗೆ ನೆನಪಿಲ್ಲ. ಯಾರ ಕೈಯದು ಉಂಡೆ ಎನ್ನುವುದು ಮಾತ್ರ ನೆನಪಿದೆ.

ಒಳಗಿನ ಜಗಳ ಇನ್ನೂ ಮುಗಿದಿರಲಿಲ್ಲ. "ಹಾಲ ಬಿಟ್ರ ಬಿಡ್ಲಿ, ರೊಟ್ಟಿ ಬಡಿಯೂದರೆ ಕಲೀಲಿ" ಎಂದು ತೀರ್ಪು ಕೊಟ್ಟೆ. ಮೊಮ್ಮಗಳು ಹಟಕ್ಕೆ ಬಿದ್ದು ಒಲೆಯ ಮುಂದೆ ಕೂತಳು. ಅವಳ ರೊಟ್ಟಿಗೂ ನಾಕೂ ಕಡೆ ಮೂಲೆ. ನನಗೆ ಮೊಣಕಾಲು ನೋವು, ಏಳಲಾಗುವುದಿಲ್ಲ. ಪಡಸಾಲೆಯಿಂದಲೇ ಎರಡೂ ಕೈ ಎತ್ತಿ ಗಾಳಿಯಲ್ಲಿ ಬಡಿದು ತೋರಿಸಿದೆ. "ಹಂಗಲ್ಲ, ಹಿಂಗ!" ಎಂದು ಕೂಗಿದ್ದು ನನ್ನದೇ ದನಿ. ಕಿರುಬೆರಳಿಂದ ಅಂಚು ಒತ್ತುತ್ತ ಬಂದೆ.

"ಮುತ್ಯಾ, ಹಿಂಗ ಅಂಚು ಒತ್ತೂದು ನಿನಗ ಯಾರು ಕಲಿಸಿದ್ರು?"

ಹೇಳಲು ಬಾಯಿ ತೆರೆದವನಿಗೆ ಹೊಳೆಯಿತು, ಖಾಲಾ ಅವರ ಹೆಸರೇ ನನಗೆ ಗೊತ್ತಿಲ್ಲ. ನಾನೂ ಕೇಳಲಿಲ್ಲ, ಅವ್ವನೂ ಕೇಳಲಿಲ್ಲ. ಮೊಮ್ಮಗಳು ಹಿಟ್ಟಿನ ಕೈ ಹಿಡಿದುಕೊಂಡು ಕಾಯುತ್ತಿದ್ದಳು. ಮೂಲೆಯಲ್ಲಿ ಹೊಸ ಗಡಿಗೆ ಇನ್ನೂ ಜಿನುಗುತ್ತಿತ್ತು.

"ನಮ್ಮವ್ವನ ಗೆಳತಿ" ಎಂದೆ.