ರೇಡಿಯೇಟರಿನ ಅರಿಶಿಣ

ಕುದಿಯುವ ನೀರಿಗೆ ಅರಿಶಿಣ ಬಿದ್ದ ವಾಸನೆ ಬಂದರೆ ಎಲ್ಲರಿಗೂ ನೆಗಡಿ, ಕೆಮ್ಮು ನೆನಪಾಗುತ್ತದೆ. ನನಗೆ ಲಾರಿ ನೆನಪಾಗುತ್ತದೆ, ಅದರ ಹಿಂದೆಯೇ ಸಿಟ್ಟು ಬರುತ್ತದೆ. ಮೊನ್ನೆ ಬೀದರಿನ ನಮ್ಮ ಎದುರುಮನೆಯವರು ಮಗುವಿನ ಗಂಟಲಿಗೆಂದು ಅರಿಶಿಣದ ನೀರು ಕುದಿಸುತ್ತಿದ್ದರು. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಭಾಲ್ಕಿಯ ನಮ್ಮ ಓಣಿ, ತಗಡು ಹೊದಿಸಿದ ಎರಡು ಕೋಣೆಯ ಮನೆ, ಬಾಗಿಲ ಮುಂದೆ ನಿಲ್ಲುತ್ತಿದ್ದ ಉದ್ದ ಮೂತಿಯ ಹಳೇ ಲಾರಿ ಎಲ್ಲವೂ ಕಣ್ಣ ಮುಂದೆ ಬಂದವು. ಆ ಮನೆ ಈಗಿಲ್ಲ, ಅಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ. ಮನೆಯಲ್ಲಿದ್ದ ಅಪ್ಪ ಅವ್ವ ಇಬ್ಬರೂ ಇಲ್ಲ. ಊರು ಅಪ್ಪನಿಗೆ ಕೊಟ್ಟ ಕೆಟ್ಟ ಹೆಸರು ಮಾತ್ರ ಇನ್ನೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲಾರಿ ನಮ್ಮದಲ್ಲ, ಅಪ್ಪ ಅದರ ಡ್ರೈವರ್. ಔರಾದ್ ಕಡೆಯ ಹಳ್ಳಿಗಳಿಂದ ಉದ್ದು, ತೊಗರಿ ಹೇರಿಕೊಂಡು ಭಾಲ್ಕಿಗೆ ತರುತ್ತಿದ್ದರು. ಮಾಲಕನೆಂಬುವನು ಅಂಗಿಯ ಇಸ್ತ್ರಿ ಕೆಡದಂತೆ ಬದುಕಿದ ಮನುಷ್ಯ. ರೇಡಿಯೇಟರ್ ಸೋರುತ್ತಿದೆ, ಬದಲಿಸಿ ಎಂದು ಅಪ್ಪ ಕೇಳಿದಾಗಲೆಲ್ಲ ಈ ಸುಗ್ಗಿ ಮುಗಿಯಲಿ ಎನ್ನುತ್ತಿದ್ದ. ಮೂರು ಸುಗ್ಗಿ ಬಂದು ಹೋದವು. ಕೊನೆಗೆ ಬೀದರಿನ ಗ್ಯಾರೇಜಿನ ಮೆಹಬೂಬ ಉಸ್ತಾದ್ ನಮ್ಮ ಕಡೆಯ ಡ್ರೈವರುಗಳೆಲ್ಲ ಬಲ್ಲ ಉಪಾಯವನ್ನೇ ಹೇಳಿದ: ರೇಡಿಯೇಟರಿಗೆ ಒಂದು ಚಿಟಿಕೆ ಅರಿಶಿಣ ಪುಡಿ ಹಾಕು, ಸಣ್ಣ ತೂತು ಮುಚ್ಚಿಕೊಳ್ಳುತ್ತದೆ. ಅಪ್ಪ ಹಾಕಿದರು, ಸೋರುವುದು ನಿಂತಿತು, ಮಾಲಕ ಅದನ್ನು ಬದಲಿಸುವ ಮಾತನ್ನೇ ಬಿಟ್ಟ. ಅರಿಶಿಣವನ್ನು ಬಿಡದವಳು ನಮ್ಮ ಅವ್ವ. ಓಣಿಯ ಮಕ್ಕಳು ಬಿದ್ದು ಮೊಣಕಾಲು ತರಚಿಕೊಂಡರೆ ಅರಿಶಿಣ ಮೆತ್ತುತ್ತಿದ್ದ ಕೈ ಅದು; ಚಿಟಿಕೆಗೆ ಇಷ್ಟು ಗುಣವಾದರೆ ಮುಷ್ಟಿಗೆ ಎಷ್ಟಾದೀತು ಎಂದು ಲೆಕ್ಕ ಹಾಕಿದಳು. ಬೆಳಿಗ್ಗೆ ಅಪ್ಪ ಒಳಗೆ ಚಹಾ ಕುಡಿಯುವಾಗ ಸ್ಟೂಲ್ ಹತ್ತಿ, ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ಒಂದು ಮುಷ್ಟಿ ಅರಿಶಿಣ ಸುರಿಯುತ್ತಿದ್ದಳು. ಆಮೇಲೆ ಲಾರಿಯ ಮೂತಿಯ ಮೇಲೆ ಕೈಯಿಟ್ಟು, “ಕರ್ತನೇ, ಹೋದವರನ್ನ ತಿರುಗಿ ಮನಿಗಿ ಕರಕೊಂಡ ಬಾ” ಎಂದು ಪ್ರಾರ್ಥನೆ. ನಾನು ಬಾಗಿಲಲ್ಲಿ ನಿಂತು ಆಮೆನ್ ಎನ್ನುತ್ತಿದ್ದೆ. ಅಪ್ಪ ಬಂದು ಕತ್ತಿನವರೆಗೆ ನೀರು ತುಂಬಿ ಹೊರಡುತ್ತಿದ್ದರು. ನೀರು ಹಳದಿಯಾಗಿ ಕಂಡರೂ ಅದು ಉಸ್ತಾದನ ಚಿಟಿಕೆಯ ಬಣ್ಣವೆಂದೇ ಅವರು ತಿಳಿದಿದ್ದರು.

ಆ ದಿನ ಶಾಲೆಗೆ ರಜೆ, ನಾನೂ ಲಾರಿಯಲ್ಲಿದ್ದೆ. ಔರಾದ್ ಕಡೆಯ ಡಾಬಕಾ ಹಳ್ಳಿಯಲ್ಲಿ ಉದ್ದಿನ ಚೀಲ ಹೇರಿ ಹೊರಡುವ ಮುಂಚೆ ಅಪ್ಪ ರೇಡಿಯೇಟರಿಗೆ ನೀರು ಹಾಕಿದರು. ಮುಚ್ಚಳ ಹಿಡಿದು ನಿಂತವಳು ನಾನೇ. ಕಮಲನಗರ ದಾಟಿ ಏರು ಹತ್ತುವಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಹಬೆ ಎದ್ದಿತು, ಎಂಜಿನ್ನಿನಿಂದ ನಮ್ಮ ಅಡುಗೆಮನೆಯ ವಾಸನೆ ಬಂತು. ಅಪ್ಪ ಲಾರಿ ಬದಿಗೆ ಹಾಕಿ ಎಂಜಿನ್ ಆರಿಸುವಷ್ಟರಲ್ಲಿ ಒಳಗೆ ಟಕ್ಕೆಂದು ಏನೋ ಬಿರಿದ ಸದ್ದಾಗಿತ್ತು. ಅವರು ಗಾಬರಿಯಾಗಲಿಲ್ಲ. ಬೆಲ್ಟ್ ಒತ್ತಿ ನೋಡಿದರು, ಬಿಗಿಯಾಗಿತ್ತು. ಪಂಪಿನ ಬಳಿ ಬಗ್ಗಿ ನೋಡಿದರು, ಸೋರಿರಲಿಲ್ಲ. ಆಮೇಲೆ ಪೈಪುಗಳನ್ನು ಮುಟ್ಟಿ, “ಮ್ಯಾಲಿನ ಪೈಪ್ ಸುಡ್ಲಾಕತ್ತದ, ಕೆಳಗಿಂದು ತಣ್ಣಗದ. ನೀರ್ ಅದ ಬೇಬಿ, ನೀರ್ ಹರೀವಲ್ದು” ಎಂದರು. ಎಂಜಿನ್ ತಣ್ಣಗಾದ ಮೇಲೆ ಮುಚ್ಚಳ ತೆಗೆದಾಗ ನೀರು ಕತ್ತಿನವರೆಗೂ ಇತ್ತು. ನಾನು ಬಗ್ಗಿ ನೋಡಿದ್ದೇನೆ.

ಮರುದಿನ ಲಾರಿಯನ್ನು ಬೀದರಿಗೆ ಎಳೆದು ತಂದರು. ಉಸ್ತಾದ್ ಎಂಜಿನ್ನಿನ ಹೆಡ್ ಬಿಚ್ಚಿದ, ಬಿರುಕು ಬಿಟ್ಟಿತ್ತು. ರೇಡಿಯೇಟರ್ ಇಳಿಸಿ ಮೇಲಿನಿಂದ ಒಂದು ಕೊಡ ನೀರು ಸುರಿದ, ಕೆಳಗಿನಿಂದ ನೂಲಿನಷ್ಟು ಧಾರೆ ಬಂತು. ತಂತಿ ಹಾಕಿ ಕೆದಕಿದರೆ ಹಳದಿ ಕೆಸರು.

“ಒಂದ್ ಚಿಟಿಕಿ ಅಂದಿದ್ದೆ ದಾವೀದ್ ಭಾಯ್. ಇದು ಮುಷ್ಟಿ ಮುಷ್ಟಿ ಬಿದ್ದದ.”

ಅಪ್ಪನಿಗೆ ಏನೂ ತಿಳಿಯಲಿಲ್ಲ. ನಾನು ಜಾಣೆಯಂತೆ, “ಅವ್ವ ದಿನಾ ಹಾಕ್ತಾಳಲ್ಲ ಅಪ್ಪಾ, ಪ್ರಾರ್ಥನಿ ಮಾಡ್ತಾಳಲ್ಲ” ಎಂದೆ. ಅಪ್ಪ ನನ್ನನ್ನೇ ನೋಡಿದರು, ಆಮೇಲೆ ಆ ಕೆಸರನ್ನು ನೋಡಿದರು. ಅಷ್ಟರಲ್ಲಿ ಮಾಲಕ ಬಂದ. ಏನಾಯಿತು ಎಂದು ಕೇಳುವ ಸೌಜನ್ಯವೂ ಇಲ್ಲದೆ ಗ್ಯಾರೇಜಿನಲ್ಲಿದ್ದ ಹತ್ತು ಜನರೆದುರು, “ನೀರ್ ಹಾಕ್ಲಾರ್ದ ಓಡ್ಸೀದಿ, ಹೌದಲ್ಲ?” ಎಂದ. ಉಸ್ತಾದ್ ಬಾಯಿ ತೆರೆದ. ಅಪ್ಪ ಅವನ ಕೈ ಅದುಮಿ ಹಿಡಿದು, “ಹೌದ್ರಿ. ಮರ್ತಿದ್ದೆ” ಎಂದರು. ಬಸ್ಸಿನಲ್ಲಿ ಭಾಲ್ಕಿಗೆ ಬರುವಾಗ ನನಗೆ ಹೇಳಿದ್ದು ಒಂದೇ ಮಾತು: “ಅವ್ವಗ ಹೇಳಬ್ಯಾಡ. ತನ್ನ ಕೈಲೇ ಆಯ್ತಂದ್ರ ಆಕಿ ತಡಕೊಳ್ಳಲ್ಲ.”

ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮೂರು ಸುಗ್ಗಿ ಸೋರುವ ರೇಡಿಯೇಟರಿನಲ್ಲಿ ಲಾರಿ ಓಡಿಸಿದವನು ಮಾಲಕ, ಗಂಡ ಕ್ಷೇಮವಾಗಿ ಬರಲೆಂದು ಅರಿಶಿಣ ಹಾಕಿದವಳು ಅವ್ವ, ಹೆಸರು ಕೆಡಿಸಿಕೊಂಡವರು ಅಪ್ಪ. ಯಾರ ಪಾಪ ಯಾರ ತಲೆಗೆ? ‘ನೀರ್ ಹಾಕ್ಲಾರ್ದ ಡ್ರೈವರ್’ ಎಂಬ ಹೆಸರು ಭಾಲ್ಕಿಯಿಂದ ಔರಾದ್‌ವರೆಗೆ ಹಬ್ಬಿತು. ಮತ್ತೆ ಯಾರೂ ಅವರ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಉಳಿದ ಆಯುಷ್ಯವೆಲ್ಲ ಕಾಳುಕಡಿ ಮಾರುವ ಅಡತಿ ಅಂಗಡಿಯಲ್ಲಿ ಚೀಲದ ಬಾಯಿ ಹೊಲಿದರು. ಅವ್ವ ಮಾತ್ರ ಸುಮ್ಮನಿರಲಿಲ್ಲ. ಮಾಲಕನ ಬಾಗಿಲಿಗೆ ಹೋಗಿ, “ನನ್ನ ಗಂಡ ಉಣ್ಣೋದ ಮರ್ತಾನು, ಗಾಡಿಗಿ ನೀರ್ ಮರಿಯಂಗಿಲ್ರಿ” ಎಂದು ಜಗಳಾಡಿ ಬಂದಳು. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡರು. ಅವರನ್ನು ಮಣ್ಣು ಮಾಡಿದ ದಿನವೂ ಒಬ್ಬ ಹಿರಿಯ, ನಿಮ್ಮಪ್ಪ ಒಳ್ಳೇ ಮನುಷ್ಯ, ಒಮ್ಮೆ ನೀರು ಮರೆತಿದ್ದೊಂದೇ ತಪ್ಪು, ಎಂದು ನನಗೇ ಸಮಾಧಾನ ಹೇಳಿದ. ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಅವ್ವ ಪಕ್ಕದಲ್ಲೇ ನಿಂತಿದ್ದಳು, ಹಲ್ಲು ಕಚ್ಚಿಕೊಂಡೆ.

ಅವ್ವ ಹೋಗುವ ಮುಂಚೆ ಎರಡು ತಿಂಗಳು ಇಲ್ಲಿ ಬೀದರಿನಲ್ಲಿ ನನ್ನ ಬಳಿಯೇ ಇದ್ದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದು ಕೇಳಿದಳು.

“ಡಾಬಕಾದಾಗ ನಿಮ್ಮಪ್ಪ ನೀರ್ ಹಾಕಿದ್ದ ಅಲ್ಲ? ನೀ ನೋಡೀದಿ ಅಲ್ಲ?”

“ಹಾಕಿದ್ದ ಅವ್ವ. ಮುಚ್ಚಳ ನಾನೇ ಹಿಡ್ಕೊಂಡಿದ್ದೆ.”

“ಅಷ್ಟ ಸಾಕು,” ಎಂದು ಅವಳು ಗೋಡೆಯ ಕಡೆ ಮಗ್ಗುಲಾದಳು. ಉಳಿದ ಅರ್ಧವನ್ನು ಈಗ ನಿಮಗೆ ಹೇಳಿದ್ದೇನೆ, ಅವಳಿಗೆ ಹೇಳಲಿಲ್ಲ.